ಹಸಿರು ಲೋಳೆಯ ಮನೆ

ಆ ಅಂಗಿ ಇನ್ನೂ ಇದೆ. ಎಂಟು ವರ್ಷದ ಹುಡುಗಿಯ ಅಳತೆಯ ಬಿಳಿ ಟೀ ಶರ್ಟು. ಎಡತೋಳಿನ ಮೇಲೆ ಎಂಟಾಣೆಯಷ್ಟಗಲದ ಮೂರು ಕಲೆ. ಒಂದು ಕಾಲಕ್ಕೆ ಅವು ಬಾಳೆಯ ಸುಳಿ ಎಲೆಯಂಥ ಹಸಿರು. ಈಗ ಮಜ್ಜಿಗೆಗೆ ಚಿಟಿಕೆ ಅರಿಸಿನ ಬಿದ್ದ ಹಾಗಿದೆ. ನಮ್ಮ ದೊಡ್ಡಮ್ಮನ ಮಗ ಫ್ಲಾರಿಡಾದಲ್ಲಿ ನೆಲೆಸಿದವನು. ಅವನ ಮಗಳು 1996ರ ಬೇಸಿಗೆ ರಜೆಯಲ್ಲಿ ಒರ್ಲ್ಯಾಂಡೊ ನಗರದ ಒಂದು ಟಿವಿ ಸ್ಟುಡಿಯೊಗೆ ಹೋಗಿದ್ದಳು. ಒಂದು ಕೋಣೆಯಲ್ಲಿ ನೂರಾರು ಮಕ್ಕಳ ಜೊತೆ ತಾನೂ ಕೈ ಎತ್ತಿ ನಿಂತಿದ್ದಳು. ಆರಿಸಿದ್ದು ಅವಳನ್ನಲ್ಲ, ಪಕ್ಕದಲ್ಲಿದ್ದ ಹುಡುಗನನ್ನು. ಅವನ ತಲೆಯ ಮೇಲೆ ಸುರಿದ ಹಸಿರು ಲೋಳೆಯಲ್ಲಿ ಮೂರು ಹನಿ ಇವಳ ತೋಳಿಗೆ ಸಿಡಿಯಿತು.

"ಅಮ್ಮ ಒಗೀತೀನಿ ಕೊಡು ಅಂದ್ರು. ನಾನು ಕೊಡ್ಲೇ ಇಲ್ಲ ಚಿಕ್ಕಪ್ಪ" ಎಂದು ಅವಳು ಆ ಅಂಗಿಯನ್ನು ಮಡಿಲ ಮೇಲೆ ಹರವಿ ತೋರಿಸಿದಾಗ ಅವಳಿಗೆ ಮೂವತ್ತು ದಾಟಿತ್ತು. ಕಲೆಯ ಮೇಲೆ ಬೆರಳಾಡಿಸುವಾಗ ಅವಳ ಮುಖದಲ್ಲಿದ್ದ ಭಾವ ನನಗೆ ಪರಿಚಿತ. ನಮ್ಮ ಮನೆಗಳಲ್ಲಿ ಕ್ಷೇತ್ರದಿಂದ ತಂದ ಗಂಧದ ಪೊಟ್ಟಣವನ್ನು ಹಿರಿಯರು ಬಿಚ್ಚಿ ನೋಡಿ ಮತ್ತೆ ಕಟ್ಟಿಡುವಾಗ ಇರುವಂಥದು. ಒಂದು ಟಿವಿ ಸ್ಟುಡಿಯೊ ಮಕ್ಕಳ ಮನಸ್ಸಿನಲ್ಲಿ ಅಷ್ಟು ಆಳಕ್ಕೆ ಇಳಿದದ್ದು ಹೇಗೆ, ಅಷ್ಟು ಪ್ರೀತಿಯ ಜಾಗ ಹದಿನೈದೇ ವರ್ಷಕ್ಕೆ ಬಾಗಿಲು ಹಾಕಿದ್ದು ಏಕೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಅಂದೇ.

ಆ ಜಾಗದ ಹೆಸರು ನಿಕಲೋಡಿಯನ್ ಸ್ಟುಡಿಯೋಸ್. ಒರ್ಲ್ಯಾಂಡೊದ ಯೂನಿವರ್ಸಲ್ ಸ್ಟುಡಿಯೋಸ್ ಫ್ಲಾರಿಡಾ ಎಂಬ ಮನರಂಜನಾ ಪಾರ್ಕಿನ ಒಳಗೆ ಇತ್ತು. 1990ರ ಜೂನ್ 7ರಂದು ಪಾರ್ಕು ತೆರೆದ ದಿನವೇ ಇದೂ ತೆರೆಯಿತು. ಮುಂಭಾಗದಲ್ಲಿ ಹದಿನೇಳು ಅಡಿ ಎತ್ತರದ ಒಂದು ಕಾರಂಜಿ. ಬಣ್ಣಬಣ್ಣದ ಕೊಳವೆಗಳು, ಎತ್ತೆತ್ತಲೋ ತಿರುಗಿದ ಪೈಪುಗಳು, ಹುಚ್ಚು ವಿಜ್ಞಾನಿಯೊಬ್ಬ ರಾತ್ರಿ ಕೂತು ಜೋಡಿಸಿದಂಥ ಒಂದು ಯಂತ್ರ. ಅದು ಗುಡುಗುಡು ಎಂದು ಸದ್ದು ಮಾಡಿ, ಆಗಾಗ ಹಸಿರು ಲೋಳೆಯನ್ನು ಆಕಾಶಕ್ಕೆ ಉಗುಳುತ್ತಿತ್ತು. ಸುತ್ತ ನಿಂತ ಮಕ್ಕಳು ಹಿಂದೆ ಸರಿಯುತ್ತಿರಲಿಲ್ಲ, ಮುಂದೆ ನುಗ್ಗುತ್ತಿದ್ದರು.

ಈ ಲೋಳೆಯ ಕತೆ ಸ್ಟುಡಿಯೊಗಿಂತ ಹಳೆಯದು, ಅದು ಅಮೆರಿಕದ್ದೂ ಅಲ್ಲ. ಕೆನಡಾದ ಒಟ್ಟಾವದಲ್ಲಿ 1979ರಲ್ಲಿ ರೋಜರ್ ಪ್ರೈಸ್ ಎಂಬಾತ 'ಯು ಕಾಂಟ್ ಡೂ ದಟ್ ಆನ್ ಟೆಲಿವಿಷನ್' ಎಂಬ ಮಕ್ಕಳ ಹಾಸ್ಯ ಕಾರ್ಯಕ್ರಮ ಶುರುಮಾಡಿದ. ಅದರಲ್ಲೊಂದು ಕಟ್ಟಳೆ ಇತ್ತು. ಯಾರ ಬಾಯಲ್ಲಾದರೂ 'ಗೊತ್ತಿಲ್ಲ' ಎಂಬ ಮಾತು ಬಂದರೆ ಸಾಕು, ಮೇಲಿನಿಂದ ದಬದಬನೆ ಹಸಿರು ಲೋಳೆ ಸುರಿಯುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಕೇಳಿದ ಪ್ರಶ್ನೆಗೆ ಅದೇ ಮಾತು ಹೇಳಿ ತಲೆ ತಗ್ಗಿಸಿ ನಿಂತ ಮಗುವಿಗೆ ಆಗುವ ಅವಮಾನವನ್ನು ಹಿಡಿದು, ಅದನ್ನೇ ಎಲ್ಲರೂ ಕೇಕೆ ಹಾಕಿ ನಗುವ ಹಬ್ಬವನ್ನಾಗಿ ಮಾಡಿದ್ದರು. ಈ ಕಾರ್ಯಕ್ರಮ ಗಡಿ ದಾಟಿ ನಿಕಲೋಡಿಯನ್ ಚಾನೆಲ್ಲಿಗೆ ಬಂತು. ಹಸಿರು ಲೋಳೆ ಕ್ರಮೇಣ ಚಾನೆಲ್ಲಿನ ಲಾಂಛನದಷ್ಟೇ ಮುಖ್ಯವಾಯಿತು.

ಲೋಳೆ ಎಂದರೆ ಏನು? ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಅದರ ಪಾಕ ಬೇರೆ. ವೆನಿಲ್ಲಾ ಪುಡ್ಡಿಂಗು, ಬೇಯಿಸಿ ಅರೆದ ಸೇಬು, ಓಟ್ಸ್ ಗಂಜಿ, ಹಸಿರು ಬಣ್ಣ, ಇವು ಒಂದು ಬಗೆಯಲ್ಲಿ. ರವೆಗಂಜಿಯಂಥದಕ್ಕೆ ಬಣ್ಣ ಬೆರೆಸಿ, ಕೂದಲಿನಿಂದ ಸುಲಭವಾಗಿ ತೊಳೆದುಹೋಗಲಿ ಎಂದು ಮಕ್ಕಳ ಶಾಂಪೂ ಸೇರಿಸುವುದು ಇನ್ನೊಂದು ಬಗೆಯಲ್ಲಿ. ತೀರ ನೀರಾದರೆ ಹರಿದುಹೋಗುತ್ತದೆ, ಕ್ಯಾಮೆರಾಕ್ಕೆ ಕಾಣುವುದಿಲ್ಲ. ತೀರ ಗಟ್ಟಿಯಾದರೆ ಮುದ್ದೆಯ ಹಾಗೆ ದೊಪ್ಪನೆ ಬೀಳುತ್ತದೆ, ಏಟಾಗುತ್ತದೆ. ತಲೆಯ ಮೇಲೆ ಬಿದ್ದು, ಹಣೆಯ ಮೇಲಿಂದ ನಿಧಾನವಾಗಿ ಇಳಿದು, ಕಣ್ಣು ಮುಚ್ಚಿ, ಮೂಗಿನ ತುದಿಯಲ್ಲಿ ಒಂದು ಕ್ಷಣ ನಿಂತು ತೊಟ್ಟಿಕ್ಕಬೇಕು. ದೋಸೆ ಹಿಟ್ಟಿನ ಹದ ಬಲ್ಲವರಿಗೆ ಇದರ ಕಷ್ಟ ಅರ್ಥವಾಗುತ್ತದೆ. ಒರ್ಲ್ಯಾಂಡೊದ ಸ್ಟುಡಿಯೊದಲ್ಲಿ ಇದಕ್ಕೆಂದೇ ಒಂದು ಅಡುಗೆಮನೆ ಇತ್ತು, ಸ್ಟುಡಿಯೊ ನೋಡಲು ಬಂದವರನ್ನು ಅಲ್ಲಿಗೂ ಕರೆದೊಯ್ಯುತ್ತಿದ್ದರು.

ಈ ಚಾನೆಲ್ ಹುಟ್ಟಿದ್ದು ಹೀಗಲ್ಲ. ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ 1977ರ ಡಿಸೆಂಬರಿನಲ್ಲಿ 'ಪಿನ್‌ವೀಲ್' ಎಂಬ ಹೆಸರಿನಲ್ಲಿ ಒಂದು ಸಣ್ಣ ಕೇಬಲ್ ಪ್ರಯೋಗವಾಗಿ ಶುರುವಾಯಿತು. 1979ರ ಏಪ್ರಿಲ್ 1ರಂದು ನಿಕಲೋಡಿಯನ್ ಎಂಬ ಹೆಸರು ಹೊತ್ತು ದೇಶಕ್ಕೆಲ್ಲ ಬಂತು. ನಿಕಲ್ ಎಂದರೆ ಅಮೆರಿಕದ ಐದು ಸೆಂಟಿನ ನಾಣ್ಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐದು ಸೆಂಟು ಕೊಟ್ಟು ನೋಡಬಹುದಾಗಿದ್ದ ಪುಟ್ಟ ಸಿನಿಮಾ ಮಂದಿರಗಳಿಗೆ ಆ ಹೆಸರಿತ್ತು. ಮೊದಮೊದಲು ಈ ಚಾನೆಲ್ ತೀರ ಸಾಧು. ಮಕ್ಕಳಿಗೆ ಒಳ್ಳೆಯದು ಎಂದು ದೊಡ್ಡವರು ಹೊಗಳುತ್ತಿದ್ದರು, ಮಕ್ಕಳು ನೋಡುತ್ತಿರಲಿಲ್ಲ. ಮೆಂತ್ಯಸೊಪ್ಪಿನ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುವಂತೆ ತಳ್ಳಿಬಿಟ್ಟಿದ್ದರು. 1984ರ ಹೊತ್ತಿಗೆ ಚಾನೆಲ್ ಪಾತಾಳ ಕಂಡಿತ್ತು. ಆ ವರ್ಷ ಚುಕ್ಕಾಣಿ ಹಿಡಿದ ಜೆರಾಲ್ಡೀನ್ ಲೇಬೋರ್ನ್ ಎಂಬ ಮಹಿಳೆ ಚಾನೆಲ್ಲಿನ ನಿಲುವನ್ನೇ ಬದಲಿಸಿದರು. ಮಕ್ಕಳಿಗೆ ಬುದ್ಧಿ ಹೇಳುವ ಹಿರಿಯರ ಪಕ್ಷ ಬಿಟ್ಟು, ನಾವು ಮಕ್ಕಳ ಪಕ್ಷ ಎಂದು ನಿಂತರು. ಲಾಂಛನವೂ ಬದಲಾಯಿತು, ಗೋಡೆಗೆ ಎರಚಿದ ಕಿತ್ತಳೆ ಬಣ್ಣದಂಥದು, ಒಂದೇ ಆಕಾರದಲ್ಲಿ ನಿಲ್ಲದ್ದು.

1986ರ ಅಕ್ಟೋಬರಿನಲ್ಲಿ ಬಂದ 'ಡಬಲ್ ಡೇರ್' ಎಂಬ ಆಟ ಈ ನಿಲುವಿಗೆ ಕೈಕಾಲು ಕೊಟ್ಟಿತು. ಎರಡು ತಂಡ, ಒಂದಷ್ಟು ಪ್ರಶ್ನೆ. ಉತ್ತರ ಗೊತ್ತಿಲ್ಲದಿದ್ದರೆ ಎದುರಾಳಿಗೆ ಸವಾಲು; ಅದೂ ಆಗದಿದ್ದರೆ ಕೊನೆಗೆ ಒಂದು ಗಲೀಜು ಕೆಲಸ. ಗೆದ್ದ ತಂಡ ಅರವತ್ತು ಸೆಕೆಂಡಿನಲ್ಲಿ ಎಂಟು ಅಡಚಣೆ ದಾಟಿ ಎಂಟು ಕಿತ್ತಳೆ ಬಾವುಟ ತರಬೇಕು. ಆಳೆತ್ತರದ ಒಂದು ಮೂಗು ಇರುತ್ತಿತ್ತು. ಹೊಳ್ಳೆಯೊಳಗೆ ಕೈ ತೂರಿಸಿ, ಸಿಂಬಳದಂಥ ಲೋಳೆಯಲ್ಲಿ ತಡಕಾಡಿ ಬಾವುಟ ಹುಡುಕಬೇಕು. ಮೂಗಿನಲ್ಲಿ ಬೆರಳಿಟ್ಟರೆ ಕೈಗೆ ಏಟು ತಿಂದಿದ್ದ ಮಕ್ಕಳು ಅದನ್ನು ಹೇಗೆ ನೋಡಿರಬೇಡ! ನಮ್ಮ ಕರಾವಳಿ, ಮಲೆನಾಡಿನ ಕೆಸರುಗದ್ದೆ ಓಟದಲ್ಲಿ ಇಡೀ ಊರು ಮೈಗೆಲ್ಲ ರಾಡಿ ಮೆತ್ತಿಕೊಂಡು ನಗುವಾಗ ಇರುವ ಸುಖವೇ ಅದು. ಗದ್ದೆಯಿಲ್ಲದ, ಓಕುಳಿಯಿಲ್ಲದ ನಗರದ ಬಡಾವಣೆಗಳ ಮಕ್ಕಳಿಗೆ ಟಿವಿ ಒಂದು ಕೆಸರುಗದ್ದೆ ಒದಗಿಸಿತು.

ಆ ಆಟ ನಡೆಸುತ್ತಿದ್ದ ಮಾರ್ಕ್ ಸಮ್ಮರ್ಸ್ ಅವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ವರ್ಷಗಟ್ಟಲೆ ಮೈಮೇಲೆ ಲೋಳೆ, ಕ್ರೀಮು, ಮೊಟ್ಟೆ ಸುರಿಸಿಕೊಂಡು ನಕ್ಕ ಆ ಮನುಷ್ಯನಿಗೆ ಗೀಳು ಮನೋರೋಗವಿತ್ತು. ಚಿಕ್ಕಂದಿನಿಂದ ಎಲ್ಲವೂ ಚೊಕ್ಕಟವಾಗಿರಬೇಕು, ಜಮಖಾನದ ಅಂಚಿನ ಕುಚ್ಚುಗಳೂ ಸಾಲಾಗಿ ನೇರವಾಗಿರಬೇಕು ಎಂಬ ತಳಮಳದಲ್ಲಿ ಬೆಳೆದವರು. 1990ರ ದಶಕದಲ್ಲಿ ಅವರೇ ಇದನ್ನು ಬಹಿರಂಗವಾಗಿ ಹೇಳಿದರು, 1999ರಲ್ಲಿ ಪುಸ್ತಕವನ್ನೂ ಬರೆದರು. ಹಳೆಯ ಕಂತುಗಳನ್ನು ಈಗ ನೋಡುವಾಗ ನನ್ನ ಕಣ್ಣು ಮಕ್ಕಳಿಗಿಂತ ಹೆಚ್ಚಾಗಿ ಅವರ ಕೈಗಳ ಮೇಲೆ ನಿಲ್ಲುತ್ತದೆ. ಮಕ್ಕಳ ಆಟ ಕೆಡಬಾರದೆಂದು ಒಬ್ಬ ವಯಸ್ಕ ಎಷ್ಟನ್ನು ನುಂಗಿಕೊಂಡು ನಗುತ್ತಿದ್ದ ಎಂಬುದು ಆ ಮಕ್ಕಳಿಗೆ ತಿಳಿಯುವ ಹಾಗಿರಲಿಲ್ಲ.

ಡಬಲ್ ಡೇರ್ ಮೊದಲು ತಯಾರಾಗಿದ್ದು ಫಿಲಡೆಲ್ಫಿಯಾದ ಒಂದು ಸಾರ್ವಜನಿಕ ಟಿವಿ ಕೇಂದ್ರದಲ್ಲಿ. ಕಾರ್ಯಕ್ರಮಗಳು ಹೆಚ್ಚಿದಂತೆ ಚಾನೆಲ್ಲಿಗೆ ಸ್ವಂತ ಮನೆ ಬೇಕಾಯಿತು. ಅದೇ ಸಮಯಕ್ಕೆ ಫ್ಲಾರಿಡಾ ಒಂದು ಕನಸು ಕಾಣುತ್ತಿತ್ತು. ಕ್ಯಾಲಿಫೋರ್ನಿಯಾದ ಹಾಲಿವುಡ್ಡಿಗೆ ಎದುರಾಗಿ ದೇಶದ ಪೂರ್ವ ತೀರದಲ್ಲಿ ಇನ್ನೊಂದು ಹಾಲಿವುಡ್. ಅಲ್ಲಿ ಬಿಸಿಲಿಗೆ ಬರವಿಲ್ಲ, ಜಾಗಕ್ಕೆ ಕೊರತೆಯಿಲ್ಲ, ಖರ್ಚು ಕಡಿಮೆ. ಡಿಸ್ನಿ ಕಂಪನಿ 1989ರ ಮೇ 1ರಂದು ತನ್ನ ಡಿಸ್ನಿ-ಎಂಜಿಎಂ ಸ್ಟುಡಿಯೋಸ್ ಪಾರ್ಕು ತೆರೆಯಿತು. ವರ್ಷದ ಬಳಿಕ ಯೂನಿವರ್ಸಲ್. ಎರಡೂ ಕಡೆ ಒಂದೇ ವಾಗ್ದಾನ: ಇಲ್ಲಿ ನಿಜವಾಗಿ ಸಿನಿಮಾ, ಟಿವಿ ತಯಾರಾಗುತ್ತವೆ, ನೀವು ಬಂದು ಕಣ್ಣಾರೆ ನೋಡಬಹುದು.

ಯೂನಿವರ್ಸಲ್ಲಿನ ಮೊದಲ ದಿನ ಫಜೀತಿಯ ದಿನ. 'ಜಾಸ್' ಶಾರ್ಕಿನ ಸವಾರಿ, ಕಿಂಗ್ ಕಾಂಗ್, ಭೂಕಂಪ, ಹೀಗೆ ಭಾರಿ ಯಂತ್ರಗಳನ್ನು ನಂಬಿದ ದೊಡ್ಡ ಆಕರ್ಷಣೆಗಳು ಒಂದೊಂದಾಗಿ ಕೈಕೊಟ್ಟವು. ನಿಕಲೋಡಿಯನ್ನಿನ ಬಲ ಯಂತ್ರದಲ್ಲಿರಲಿಲ್ಲ. ಅಲ್ಲಿ ನೋಡಬೇಕಾದದ್ದು ಜನ ಮಾಡುವ ಕೆಲಸವನ್ನು. ಪಾರ್ಕಿನ 18 ಮತ್ತು 19ನೇ ನಂಬರಿನ ಶೂಟಿಂಗ್ ಫ್ಲೋರುಗಳು ಈ ಚಾನೆಲ್ಲಿನ ಪಾಲಿಗೆ ಬಂದಿದ್ದವು. ಎತ್ತರದ ಹಜಾರದಲ್ಲಿ ಗಾಜಿನ ಕಿಟಕಿಗಳ ಪಕ್ಕದಲ್ಲಿ ನಡೆದುಹೋಗುತ್ತಿದ್ದರೆ ಕೆಳಗೆ ಸೆಟ್ಟುಗಳು ಕಾಣುತ್ತಿದ್ದವು. ಲೈಟು ಹೊರುವವರು, ಕೇಬಲ್ ಸುತ್ತುವವರು, ನೆಲಕ್ಕೆ ಬಿದ್ದ ಲೋಳೆಯನ್ನು ಒರೆಸುವವರು. ಮೇಕಪ್ಪಿನ ಕೋಣೆ, ಬಟ್ಟೆಬರೆಯ ಕೋಣೆ, ಲೋಳೆಯ ಅಡುಗೆಮನೆ. ಕೊನೆಗೆ ಆಟದ ಪ್ರಯೋಗಶಾಲೆ. ಟಿವಿಯಲ್ಲಿ ಬರಬಹುದಾದ ಆಟಗಳನ್ನು ಅಲ್ಲಿ ಬಂದ ಮಕ್ಕಳಿಂದಲೇ ಆಡಿಸುತ್ತಿದ್ದರು, ಮುಗಿಯುವ ಹೊತ್ತಿಗೆ ಒಬ್ಬ ಅದೃಷ್ಟಶಾಲಿಯ ತಲೆಗೆ ಲೋಳೆಯ ಅಭಿಷೇಕ. ನಮ್ಮ ಹುಡುಗಿ ಕೈ ಎತ್ತಿ ನಿಂತದ್ದು ಆ ಕೋಣೆಯಲ್ಲೇ.

ಇಷ್ಟೇ ಆಗಿದ್ದರೆ ಅದೊಂದು ಒಳ್ಳೆಯ ವಸ್ತುಪ್ರದರ್ಶನ ಆಗಿರುತ್ತಿತ್ತು. ಆ ಜಾಗದ ಜೀವ ಇದ್ದದ್ದು ಬೇರೆ ಕಡೆ. ಶೂಟಿಂಗಿಗೆ ಪ್ರೇಕ್ಷಕರು ಬೇಕು, ಆಟಕ್ಕೆ ಸ್ಪರ್ಧಿಗಳು ಬೇಕು. ಸ್ಟುಡಿಯೊದವರು ಅವರನ್ನು ಸುತ್ತಲಿನ ಶಾಲೆಗಳಿಂದ ಕರೆಸುತ್ತಿದ್ದರು, ಪಾರ್ಕಿನಲ್ಲಿ ಅಡ್ಡಾಡುವ ಜನರ ನಡುವಿನಿಂದಲೂ ಆರಿಸುತ್ತಿದ್ದರು. ಅಪ್ಪ ಅಮ್ಮನ ಕೈ ಹಿಡಿದು ಐಸ್‌ಕ್ರೀಂ ತಿನ್ನುತ್ತಿದ್ದ ಮಗುವನ್ನು ಯಾರೋ ಬಂದು ಮಾತಾಡಿಸಿ, ಆಟಕ್ಕೆ ಬರ್ತೀಯಾ ಎನ್ನಬಹುದಿತ್ತು. ಕೆಲವು ತಿಂಗಳ ಬಳಿಕ ಅದೇ ಮಗು ತನ್ನೂರಿನ ಟಿವಿಯಲ್ಲಿ ಲೋಳೆಯಲ್ಲಿ ಜಾರುತ್ತಿರುತ್ತಿತ್ತು.

ಟಿವಿ ಎಂಬುದು ನಮ್ಮಲ್ಲಿ ಅನೇಕರಿಗೆ ಒಂದು ದಿಕ್ಕಿನ ವ್ಯವಹಾರವಾಗಿತ್ತು. ಅದರೊಳಗಿನವರು ಬೇರೆ ಲೋಕದವರು; ಅಲ್ಲಿಗೆ ದಾರಿ ಇಲ್ಲ. ಒರ್ಲ್ಯಾಂಡೊದ ಆ ಕಟ್ಟಡ ಟಿವಿಗೆ ಒಂದು ವಿಳಾಸ ಕೊಟ್ಟಿತು, ವಿಳಾಸಕ್ಕೊಂದು ಬಾಗಿಲು ಇಟ್ಟಿತು. ಚಂದದ ಮುಖದ, ತರಬೇತಾದ ಬಾಲನಟರಿಗಷ್ಟೇ ಅಲ್ಲ, ಹಲ್ಲು ಬಿದ್ದ, ದಪ್ಪ ಕನ್ನಡಕದ, ತೊದಲುವ ಮಕ್ಕಳಿಗೂ ಅದು ತೆರೆಯಬಹುದಿತ್ತು. ಆರಿಸದೆ ಹೋದರೂ, ಆರಿಸಬಹುದಿತ್ತು ಎಂಬ ಆಸೆಯನ್ನು ಮಗು ಮನೆಗೆ ಕೊಂಡೊಯ್ಯುತ್ತಿತ್ತು. ಆ ಸ್ಟುಡಿಯೊದ ಬಗ್ಗೆ ನಾನು ಓದಿದ, ನೋಡಿದ ಎಲ್ಲದರ ನಡುವೆ ನನಗೆ ದೊಡ್ಡದಾಗಿ ಕಂಡದ್ದು ಇದು.

ತೊಂಬತ್ತರ ದಶಕದ ಮೊದಲರ್ಧ ಅಲ್ಲಿ ಸುಗ್ಗಿ. 'ಕ್ಲಾರಿಸ್ಸಾ ಎಕ್ಸ್‌ಪ್ಲೇನ್ಸ್ ಇಟ್ ಆಲ್' 1991ರಲ್ಲಿ ಬಂತು. ಹದಿಹರೆಯದ ಹುಡುಗಿಯೊಬ್ಬಳು ಕ್ಯಾಮೆರಾ ನೋಡಿ ನೇರವಾಗಿ ಮಾತಾಡುವ ಧಾರಾವಾಹಿ. ಹುಡುಗಿ ನಾಯಕಿಯಾದರೆ ಹುಡುಗರು ನೋಡುವುದಿಲ್ಲ ಎಂಬ ಉದ್ಯಮದ ಹಳೆಯ ನಂಬಿಕೆಯನ್ನು ಅದು ಸುಳ್ಳು ಮಾಡಿತು. 'ಗಟ್ಸ್' 1992ರಲ್ಲಿ ಶುರುವಾಯಿತು. ಸೊಂಟಕ್ಕೆ ರಬ್ಬರ್ ಹಗ್ಗ ಕಟ್ಟಿಕೊಂಡು ಹಾರುವುದು, ಕೊನೆಗೆ ಹೊಗೆ, ಮಿಂಚು, ಉರುಳುವ ಬಂಡೆಗಳ ನಡುವೆ ಆಗ್ರೊ ಕ್ರ್ಯಾಗ್ ಎಂಬ ಕೃತಕ ಬೆಟ್ಟ ಹತ್ತುವುದು. ಗೆದ್ದವರಿಗೆ ಆ ಬೆಟ್ಟದ್ದೇ ಒಂದು ಹೊಳೆಯುವ ಚೂರು. 1994ರ 'ಗಲ್ಲಾ ಗಲ್ಲಾ ಐಲೆಂಡ್' ಪುಟಾಣಿಗಳಿಗಾಗಿ. ದಕ್ಷಿಣ ಕ್ಯಾರೊಲಿನಾದ ಕರಾವಳಿಯ ದ್ವೀಪಗಳ ಕಪ್ಪು ಜನರಿಗೆ ಅವರದೇ ನುಡಿ, ಹಾಡು, ಅಡುಗೆ ಇವೆ. ಆ ಬದುಕನ್ನು ಬಲ್ಲ ರಾನ್ ಮತ್ತು ನಟಾಲಿ ಡೇಸ್ ಎಂಬ ನಿಜದ ದಂಪತಿಯನ್ನೇ ತಂದು ತೆರೆಯ ಮೇಲಿನ ಅಪ್ಪ ಅಮ್ಮನನ್ನಾಗಿ ಮಾಡಿದರು. ಒಂದು ಸಣ್ಣ ಸಮುದಾಯದ ಆಡುನುಡಿ ದೇಶದ ಮಕ್ಕಳ ಟಿವಿಯಲ್ಲಿ ಕೇಳಿಸಿತು. ಲೋಳೆಯ ಸದ್ದಿನಲ್ಲಿ ಈ ಕೆಲಸ ಮರೆತುಹೋಗಬಾರದು.

ನನಗೆ ಬಹಳ ಇಷ್ಟವಾದದ್ದು 'ಲೆಜೆಂಡ್ಸ್ ಆಫ್ ದ ಹಿಡನ್ ಟೆಂಪಲ್'. 1993ರಿಂದ 1995ರವರೆಗೆ 120 ಕಂತು. ಆರು ತಂಡಗಳು: ಕೆಂಪು ಜಾಗ್ವಾರ್, ಹಸಿರು ಮಂಗ, ಬೆಳ್ಳಿ ಹಾವು, ಹೀಗೆ. ಓಲ್ಮೆಕ್ ಎಂಬ ದೊಡ್ಡ ಕಲ್ಲಿನ ತಲೆ ಒಂದು ಐತಿಹ್ಯ ಹೇಳುತ್ತದೆ, ಮಕ್ಕಳು ಕೇಳಿಸಿಕೊಂಡು ಅದರ ಮೇಲಿನ ಪ್ರಶ್ನೆಗೆ ಉತ್ತರಿಸಬೇಕು. ಉಳಿದ ಕೊನೆಯ ತಂಡ ಮೂರು ನಿಮಿಷದಲ್ಲಿ ಕತ್ತಲೆಯ ದೇಗುಲಕ್ಕೆ ನುಗ್ಗಿ ನಿಧಿ ತರಬೇಕು. ಒಳಗೆ ಒಂದು ಕೋಣೆಯಲ್ಲಿ ಬೆಳ್ಳಿ ಮಂಗನ ಮೂರ್ತಿ. ಪೀಠ, ನಡು, ತಲೆ, ಮೂರೇ ತುಂಡು. ಒಂದರ ಮೇಲೊಂದು ಕೂರಿಸಿದರೆ ಬಾಗಿಲು ತೆರೆಯುತ್ತದೆ. ಮನೆಯಲ್ಲಿ ಕೂತು ನೋಡುವವರಿಗೆ ಅದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸುಲಭ. ಆದರೆ ಬೆವರು ಕಣ್ಣಿಗೆ ಇಳಿಯುತ್ತಿರುವಾಗ, ಯಾವ ಮೂಲೆಯಿಂದ ಕಾವಲುಗಾರ ಹಾರಿ ಹಿಡಿಯುತ್ತಾನೋ ಎಂದು ಎದೆ ಬಡಿದುಕೊಳ್ಳುವಾಗ, ಹನ್ನೆರಡರ ಹುಡುಗಿ ನಡುವಿನ ತುಂಡನ್ನು ಹಿಂದುಮುಂದಾಗಿ ಕೂರಿಸುತ್ತಾಳೆ. ತಲೆ ಕೂರುವುದಿಲ್ಲ. ತೆಗೆಯುತ್ತಾಳೆ, ತಿರುಗಿಸುತ್ತಾಳೆ, ಮತ್ತೆ ತಪ್ಪು. ಮನೆಮನೆಗಳಲ್ಲಿ ಮಕ್ಕಳು ಟಿವಿಯ ಮುಂದೆ ಎದ್ದು ನಿಂತು ಕಿರುಚುತ್ತಾರೆ. ಅಲ್ಲಿ ಗೆದ್ದವರಿಗಿಂತ ಸೋತವರೇ ಹೆಚ್ಚು, ಸೋತವರನ್ನು ಯಾರೂ ಹೀಗಳೆಯುತ್ತಿರಲಿಲ್ಲ. 1990ರಲ್ಲಿ ಈ ಚಾನೆಲ್ ಮಕ್ಕಳ ಹಕ್ಕುಗಳ ಘೋಷಣೆ ಎಂಬುದೊಂದನ್ನು ಪ್ರಸಾರ ಮಾಡಿತ್ತು. ಅದರಲ್ಲಿ ತಪ್ಪು ಮಾಡುವ ಹಕ್ಕೂ ಒಂದು. ಬೆಳ್ಳಿ ಮಂಗನ ಮುಂದೆ ತಡವರಿಸಿದ ಆ ಮಕ್ಕಳನ್ನು ನೋಡುವಾಗ ಆ ಸಾಲಿಗೆ ಬೆಲೆ ಬರುತ್ತದೆ.

1992ರ ಏಪ್ರಿಲ್ 30ರಂದು ಸ್ಟುಡಿಯೊದ ಅಂಗಳದಲ್ಲಿ ಒಂದು ಕಾಲಪೆಟ್ಟಿಗೆ ಹೂತರು. ಐವತ್ತು ವರ್ಷದ ಬಳಿಕ, 2042ರ ಏಪ್ರಿಲ್ 30ರಂದು, ಆಗಿನ ಮಕ್ಕಳು ತೆರೆಯಲಿ ಎಂದು. ಒಳಗೆ ಏನಿಡಬೇಕೆಂದು ಮಕ್ಕಳನ್ನೇ ಕೇಳಿದ್ದರು. ಗೇಮ್ ಬಾಯ್ ಯಂತ್ರ, ಬಾರ್ಬಿ ಗೊಂಬೆ, 'ಹೋಮ್ ಅಲೋನ್' ಸಿನಿಮಾದ ಕ್ಯಾಸೆಟ್ಟು, ಮೈಕೆಲ್ ಜಾಕ್ಸನ್ ಹಾಡುಗಳ ಸಿಡಿ, ಟ್ವಿಂಕಿ ಎಂಬ ಕೇಕು, ಒಂದು ಡಬ್ಬಿ ಗ್ಯಾಕ್. ಗ್ಯಾಕ್ ಎಂದರೆ ಲೋಳೆಯ ತಮ್ಮ ಎನ್ನಬಹುದು. ನಮ್ಮೂರ ಸ್ಟೇಷನರಿ ಅಂಗಡಿಗಳಲ್ಲಿ ಇಂದು ಮಕ್ಕಳು ಸ್ಲೈಮ್ ಎಂದು ಕೇಳಿ ಕೊಳ್ಳುವ ಬಣ್ಣದ ಡಬ್ಬಿಗಳು ಇದೇ ಜಾತಿಯವು.

ಆ ಪೆಟ್ಟಿಗೆಯನ್ನು ಹೂಳುವಾಗ ನಿಂತವರಿಗೆ ಐವತ್ತು ವರ್ಷವೂ ಈ ಕಟ್ಟಡ ಇಲ್ಲೇ ಇರುತ್ತದೆಂಬ ನಂಬಿಕೆ ಇತ್ತು. ಇಲ್ಲದಿದ್ದರೆ ಅಲ್ಲಿ ಹೂಳುತ್ತಿರಲಿಲ್ಲ.

ಕುಸಿತ ಒಂದೇ ದಿನ ಬಂದದ್ದಲ್ಲ. ಅದರ ಬೀಜ ಸುಗ್ಗಿಯ ನಡುವೆಯೇ ಬಿದ್ದಿತ್ತು. 1991ರ ಆಗಸ್ಟ್ 11ರಂದು ಚಾನೆಲ್ ತನ್ನದೇ ಮೂರು ಕಾರ್ಟೂನುಗಳನ್ನು ಒಟ್ಟಿಗೆ ತಂದಿತು: 'ಡಗ್', 'ರಗ್ರ್ಯಾಟ್ಸ್', 'ರೆನ್ ಅಂಡ್ ಸ್ಟಿಂಪಿ'. ಕಾರ್ಟೂನಿಗೆ ಪ್ರೇಕ್ಷಕರ ಗ್ಯಾಲರಿ ಬೇಡ, ಸ್ಪರ್ಧಿಗಳು ಬೇಡ, ನೆಲ ಒರೆಸುವವರೂ ಬೇಡ. ಅದನ್ನು ಮೇಜಿನ ಮುಂದೆ ಕೂತು ಬರೆಯುತ್ತಾರೆ. ಒಮ್ಮೆ ಮಾಡಿದ್ದನ್ನು ನೂರು ಸಲ ಹಾಕಬಹುದು, ಹತ್ತಾರು ಭಾಷೆಗೆ ಡಬ್ ಮಾಡಿ ಮಾರಬಹುದು. ಫ್ಲಾರಿಡಾದ ಮಕ್ಕಳು ಲೋಳೆಯಲ್ಲಿ ಜಾರುವ ಆಟವನ್ನು ಬೆಂಗಳೂರಿಗೋ ಬ್ಯಾಂಕಾಕಿಗೋ ಮಾರುವುದು ಕಷ್ಟ. 1998ರಲ್ಲಿ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ಚಾನೆಲ್ಲಿನ ಅನಿಮೇಷನ್ ಸ್ಟುಡಿಯೊ ತೆರೆಯಿತು. ಮರುವರ್ಷ 'ಸ್ಪಾಂಜ್‌ಬಾಬ್' ಬಂತು. ನಿಕಲೋಡಿಯನ್ ಚಾನೆಲ್ ಭಾರತಕ್ಕೆ ಕಾಲಿಟ್ಟದ್ದೂ 1999ರಲ್ಲೇ. ನಮ್ಮ ಮಕ್ಕಳು ಕಂಡ ನಿಕ್ ಬಹುಮಟ್ಟಿಗೆ ಕಾರ್ಟೂನುಗಳ ನಿಕ್. ಒರ್ಲ್ಯಾಂಡೊದ ಬಾಗಿಲಿನ ಸುದ್ದಿ ಅವರಿಗೆ ತಲುಪಲೇ ಇಲ್ಲ.

ಇತ್ತ ನಟರು ಬೇಕಾದ ಕಾರ್ಯಕ್ರಮಗಳೂ ಪಶ್ಚಿಮಕ್ಕೆ ಹೊರಟವು. 1994ರಲ್ಲಿ ಶುರುವಾದ ಹಾಸ್ಯ ಕಾರ್ಯಕ್ರಮ 'ಆಲ್ ದಟ್', 1996ರ 'ಕೆನನ್ ಅಂಡ್ ಕೆಲ್' ಎರಡೂ ಒರ್ಲ್ಯಾಂಡೊದಲ್ಲಿ ಕಣ್ಣು ಬಿಟ್ಟವು, ಆಮೇಲೆ ಲಾಸ್ ಏಂಜಲೀಸಿಗೆ ಹೋದವು. ಬರಹಗಾರರು, ನಟರು, ಏಜೆಂಟರು ಇರುವುದು ಅಲ್ಲಿ. ಪೂರ್ವದ ಹಾಲಿವುಡ್ ಎಂಬ ಕನಸಿಗೆ ಕಟ್ಟಡಗಳು ಎದ್ದವು, ಊರು ಏಳಲಿಲ್ಲ. ಸಿನಿಮಾ ಮಾಡುವುದಕ್ಕೆ ಫ್ಲೋರು ಸಾಲದು. ಸಂಜೆ ಕೆಲಸ ಮುಗಿದ ಮೇಲೆ ಇನ್ನೊಂದು ಕೆಲಸ ಸಿಗುವ ಬೀದಿ ಬೇಕು. ನಮ್ಮ ಗಾಂಧಿನಗರವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಸ್ನಿಯ ಪಾಡೂ ಅದೇ ಆಯಿತು. ಫ್ಲಾರಿಡಾದಲ್ಲಿದ್ದ ಅದರ ಅನಿಮೇಷನ್ ಸ್ಟುಡಿಯೊ 2004ರಲ್ಲಿ ಮುಚ್ಚಿತು.

ಮಾಲೀಕರ ಲೆಕ್ಕಾಚಾರವೂ ಬೇರೆಯಾಗುತ್ತ ಬಂತು. ನಿಕಲೋಡಿಯನ್ನಿನ ಒಡೆಯ ವಯಾಕಾಮ್ ಕಂಪನಿ 1994ರಲ್ಲಿ ಪ್ಯಾರಮೌಂಟನ್ನು ಕೊಂಡಿತು, ಅದರ ಜೊತೆಗೆ ಪ್ಯಾರಮೌಂಟಿನ ಮನರಂಜನಾ ಪಾರ್ಕುಗಳೂ ಬಂದವು. ಸ್ವಂತ ಪಾರ್ಕುಗಳಿರುವ ಕಂಪನಿಗೆ ಪ್ರತಿಸ್ಪರ್ಧಿಯ ಅಂಗಳದಲ್ಲಿ ತನ್ನ ಹೆಸರಿನ ಮನೆ ನಡೆಸುವ ಉಮೇದು ಎಷ್ಟು ದಿನ ಇದ್ದೀತು? ಯೂನಿವರ್ಸಲ್ ಕೂಡ ಆ ಹದಿನೈದು ವರ್ಷಗಳಲ್ಲಿ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಜಪಾನಿನ ಮತ್ಸುಶಿತಾ, ಆಮೇಲೆ ಸೀಗ್ರಾಂ, ಫ್ರಾನ್ಸಿನ ವಿವೆಂಡಿ, ಕೊನೆಗೆ ಎನ್‌ಬಿಸಿಯ ಒಡೆಯ ಜನರಲ್ ಎಲೆಕ್ಟ್ರಿಕ್.

ಆಟದ ಕಾರ್ಯಕ್ರಮಗಳು ಒಂದೊಂದಾಗಿ ನಿಂತವು. 2000ದಲ್ಲಿ ಡಬಲ್ ಡೇರ್ ಹೊಸ ನಿರೂಪಕನೊಂದಿಗೆ ಮತ್ತೆ ಬಂತು, ಬೇಗ ಹೋಯಿತು. ಅದೇ ವರ್ಷ ಶುರುವಾದ 'ಸ್ಲೈಮ್ ಟೈಮ್ ಲೈವ್' ಕಾರ್ಟೂನುಗಳ ನಡುವೆ ನೇರಪ್ರಸಾರದಲ್ಲಿ ಮಕ್ಕಳಿಗೆ ಲೋಳೆ ಸುರಿಸುತ್ತ ಮನೆಯಲ್ಲಿ ದೀಪ ಆರದಂತೆ ನೋಡಿಕೊಂಡಿತು. 2004ರಲ್ಲಿ ಅದೂ ಮುಗಿಯಿತು.

ಅಲ್ಲಿಂದಾಚೆ ಆ ಗಾಜಿನ ಕಿಟಕಿಗಳ ಪಕ್ಕ ನಡೆದ ಕುಟುಂಬಗಳಿಗೆ ಕೆಳಗೆ ಕಂಡದ್ದೇನು ಎಂದು ಯೋಚಿಸಿದರೆ ನನ್ನ ಕರುಳು ಚುರುಕ್ ಎನ್ನುತ್ತದೆ. ಆ ಸ್ಟುಡಿಯೊದ ಆಕರ್ಷಣೆಗೆ ಆಧಾರ ಒಂದೇ, ಅಲ್ಲಿ ನಿಜವಾದ ಕೆಲಸ ನಡೆಯುತ್ತಿತ್ತು ಎಂಬುದು. ಕೆಲಸ ಹೋದ ಮೇಲೆ ಗೈಡು ಹೇಳುವ ಮಾತೆಲ್ಲ ಭೂತಕಾಲಕ್ಕೆ ಸರಿಯಿತು. ಹಿಂದೆ ಇಲ್ಲಿ ಇಂಥ ಕಾರ್ಯಕ್ರಮ ನಡೆಯುತ್ತಿತ್ತು, ಅಲ್ಲಿ ಅಂಥವರು ನಿಲ್ಲುತ್ತಿದ್ದರು. ಎಂಟು ವರ್ಷದ ಮಗುವಿಗೆ ಹಿಂದೆ ಎಂಬುದು ಏನು? ಮಕ್ಕಳು ಬೇಸತ್ತು ಈ ಜಾಗ ಮುಚ್ಚಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಕ್ಕಳು ಬಿಟ್ಟುಹೋಗುವ ಎಷ್ಟೋ ಮೊದಲೇ ದೊಡ್ಡವರು ಅಲ್ಲಿಂದ ಕೆಲಸವನ್ನು ಹೊತ್ತುಕೊಂಡು ಹೋಗಿದ್ದರು.

2005ರ ಏಪ್ರಿಲ್ 30ರಂದು ನಿಕಲೋಡಿಯನ್ ಸ್ಟುಡಿಯೋಸ್ ಮುಚ್ಚಿತು. ಕಾಲಪೆಟ್ಟಿಗೆ ಹೂತು ಅಂದಿಗೆ ಸರಿಯಾಗಿ ಹದಿಮೂರು ವರ್ಷ.

ಈ ಪ್ರೀತಿಯ ಕತೆಗೆ ಇನ್ನೊಂದು ಪುಟ ಇದೆ, ಅದನ್ನು ಮಡಚಿಟ್ಟು ಮುಂದೆ ಹೋಗುವುದು ಸರಿಯಲ್ಲ. 2024ರಲ್ಲಿ ಬಂದ 'ಕ್ವೈಟ್ ಆನ್ ಸೆಟ್' ಎಂಬ ಸಾಕ್ಷ್ಯಚಿತ್ರ ಸರಣಿಯಲ್ಲಿ ನಿಕಲೋಡಿಯನ್ ಕಾರ್ಯಕ್ರಮಗಳಲ್ಲಿ ದುಡಿದ ಹಲವರು, ಬಾಲನಟರಾಗಿದ್ದವರೂ ಸೇರಿ, ಆ ದಶಕಗಳಲ್ಲಿ ಸೆಟ್ಟುಗಳಲ್ಲಿ ತಾವು ಕಂಡ, ಅನುಭವಿಸಿದ ಕ್ರೌರ್ಯದ ಬಗ್ಗೆ ಬಾಯಿಬಿಟ್ಟರು. ಅದು ಒರ್ಲ್ಯಾಂಡೊದ ಆಟದ ಕಾರ್ಯಕ್ರಮಗಳ ಕತೆಯಲ್ಲ. ಆದರೂ ಮಕ್ಕಳ ಪಕ್ಷ ಎಂದು ಹೇಳಿಕೊಂಡ ಚಾನೆಲ್ಲು ತನ್ನಲ್ಲಿ ದುಡಿದ ಮಕ್ಕಳೆಲ್ಲರ ಪಕ್ಷ ವಹಿಸಲಿಲ್ಲ ಎಂದು ತಿಳಿದಾಗ ನನ್ನ ಅಣ್ಣನ ಮಗಳು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಅಂಗಿಯನ್ನು ಎಸೆಯಲೂ ಇಲ್ಲ. "ನಾನು ಕೈ ಎತ್ತಿದ್ದು ಸುಳ್ಳಲ್ಲ ಅಲ್ವಾ ಚಿಕ್ಕಪ್ಪ" ಎಂದಳು. ಸುಳ್ಳಲ್ಲ.

ಕಟ್ಟಡಕ್ಕೆ ಮುಂದೆ ಬೇರೆ ಒಕ್ಕಲು ಬಂತು. ಹಸಿರು ಕಾರಂಜಿ ಹೋಯಿತು, ಕಿತ್ತಳೆ ಬಣ್ಣ ಅಳಿಯಿತು. 2007ರಲ್ಲಿ ಬ್ಲೂ ಮ್ಯಾನ್ ಗ್ರೂಪ್ ಎಂಬ ತಂಡಕ್ಕಾಗಿ ಅಲ್ಲೇ ರಂಗಮಂದಿರ ಸಜ್ಜಾಯಿತು. ಮುಖಕ್ಕೆ ನೀಲಿ ಬಳಿದುಕೊಂಡ ಮೂವರು ಮಾತಿಲ್ಲದೆ ಡ್ರಮ್ಮು ಬಾರಿಸುವ ಪ್ರದರ್ಶನ. ಡ್ರಮ್ಮಿನ ಮೇಲೆ ಬಣ್ಣ ಸುರಿದು ಬಾರಿಸುವುದರಿಂದ ಮುಂದಿನ ಸಾಲಿನವರಿಗೆ ಸಿಡಿಯುತ್ತದೆಂದು ಪ್ಲಾಸ್ಟಿಕ್ ಹೊದಿಕೆ ಹಂಚುತ್ತಿದ್ದರು. ಗೋಡೆಗಳಿಗೆ ಹಳೆಯ ನೆನಪು ಮರುಕಳಿಸಿರಬೇಕು. 2021ರಲ್ಲಿ ಆ ಪ್ರದರ್ಶನವೂ ಕೊನೆಯಾಯಿತು. ಸ್ಟುಡಿಯೊ ಮುಚ್ಚಿದ ಮೇಲೂ ಪಾರ್ಕಿನೊಳಗೆ ನಿಕಲೋಡಿಯನ್ ಹೆಸರಿನಲ್ಲಿ ಉಳಿದದ್ದು ಜಿಮ್ಮಿ ನ್ಯೂಟ್ರಾನ್ ಎಂಬ ಕಾರ್ಟೂನಿನ ಸವಾರಿ. ಅದು 2003ರಲ್ಲಿ ತೆರೆದು 2011ರಲ್ಲಿ ಮುಚ್ಚಿತು. ಸೀಟಿಗೆ ಬೆಲ್ಟು ಕಟ್ಟಿಕೊಂಡು ತೆರೆಯ ಕಡೆ ನೋಡುವುದು ಅಲ್ಲಿ ಮಗುವಿನ ಕೆಲಸ. ಆರಿಸುವವರು ಯಾರೂ ಇರಲಿಲ್ಲ.

ಪೆಟ್ಟಿಗೆಯೊಂದು ಉಳಿದಿತ್ತಲ್ಲ. ಮನೆ ಹೋದ ಮೇಲೆ ಅಂಗಳದಲ್ಲಿ ಹೂತ ಪೆಟ್ಟಿಗೆ ಯಾರದ್ದು? 2006ರಲ್ಲಿ ಅದನ್ನು ಅಗೆದು ತೆಗೆದು, ಹತ್ತಿರದ ನಿಕಲೋಡಿಯನ್ ಹೆಸರಿನ ಹೋಟೆಲ್ಲಿಗೆ ಸಾಗಿಸಿ ಮತ್ತೆ ನೆಲೆಗೊಳಿಸಿದರು. ಹೋಟೆಲ್ಲಿನ ಈಜುಕೊಳದ ಬಳಿ ಮಕ್ಕಳಿಗೆ ಸಾಮೂಹಿಕವಾಗಿ ಲೋಳೆ ಸುರಿಸುವ ಆಟವಿತ್ತು, ಹಾಗಾಗಿ ಪೆಟ್ಟಿಗೆಗೆ ಅದು ತೀರ ಪರಸ್ಥಳವೇನಲ್ಲ. 2016ರಲ್ಲಿ ಆ ಹೋಟೆಲ್ಲೂ ಹೆಸರು ಕಳಚಿತು. ಪೆಟ್ಟಿಗೆ ಮತ್ತೆ ಹೊರಟಿತು, ಈ ಸಲ ದೇಶದ ಆಚೆ ತುದಿಗೆ, ಬರ್ಬ್ಯಾಂಕಿನ ಅನಿಮೇಷನ್ ಸ್ಟುಡಿಯೊಗೆ. ಒರ್ಲ್ಯಾಂಡೊದ ಕೆಲಸವನ್ನೆಲ್ಲ ಎಳೆದುಕೊಂಡ ಊರಿಗೇ ಒರ್ಲ್ಯಾಂಡೊದ ಮಕ್ಕಳು ತುಂಬಿದ ಪೆಟ್ಟಿಗೆಯೂ ಸೇರಿತು.

2042ರ ಏಪ್ರಿಲ್ 30ಕ್ಕೆ ನಮ್ಮ ಹುಡುಗಿಗೆ ಐವತ್ತನಾಲ್ಕು. ಆ ದಿನ ಬರ್ಬ್ಯಾಂಕಿಗೆ ಹೋಗುತ್ತೇನೆ ಎಂದು ಈಗಲೇ ಹೇಳಿಟ್ಟಿದ್ದಾಳೆ. ಒಳಗೆ ಬಿಡದಿದ್ದರೆ ಗೇಟಿನ ಹತ್ತಿರ ನಿಲ್ಲುತ್ತಾಳಂತೆ. ಗ್ಯಾಕ್ ಡಬ್ಬಿಯ ಮುಚ್ಚಳ ತೆಗೆದಾಗ ಒಳಗಿನದು ಒಣಗಿರುತ್ತದೋ, ಇನ್ನೂ ಬೆರಳಿಗೆ ಅಂಟುತ್ತದೋ ಎಂಬುದೊಂದೇ ಅವಳ ಪ್ರಶ್ನೆ. ಅಂಗಿಯನ್ನು ಆಗ ಜೊತೆಗೆ ಕೊಂಡೊಯ್ಯುತ್ತಾಳೆ.